ತೋಟದಲ್ಲಿಯೂ ದಾರಿಯಲ್ಲಿಯೂ ದೇವರ ಸಾನ್ನಿಧ್ಯ

ಓದತಕ್ಕ ಭಾಗಗಳು: ಆದಿಕಾಂಡ 28:10-22, ಲೂಕ 24:13-35, ಹಬಕ್ಕೂಕ 3:17-19.



ಕರ್ತನ ದಿನದಲ್ಲಿ ನಾವು ದೇವಾಲಯದಲ್ಲಿ ಕೂಡಿಬಂದು, ಹಾಡಿ, ವಾಕ್ಯವನ್ನು ಕೇಳಿ, ಮೊಣಕಾಲೂರಿ ಪ್ರಾರ್ಥಿಸುವಾಗ, ದೇವರು ನಮ್ಮ ನಡುವೆ ಇದ್ದಾನೆಂದು ನಂಬುವದು ಕಷ್ಟವಲ್ಲ. ಆದರೆ ಸೋಮವಾರ ಬೆಳಗಾಗುತ್ತಲೇ ಒಬ್ಬನು ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಪರರ ತೆಂಗಿನ ತೋಟಕ್ಕೆ ಕೂಲಿಗೆ ಹೋಗುತ್ತಾನೆ. ಒಬ್ಬಳು ಕಾಯಿ ಸುಲಿಯುವ ಕೆಲಸಕ್ಕೆ ಹೊರಡುತ್ತಾಳೆ. ಮತ್ತೊಬ್ಬನು ಕೊಬ್ಬರಿಯ ಚೀಲಗಳನ್ನು ಹೇರಿಕೊಂಡು ತಿಪಟೂರಿನ ಮಾರುಕಟ್ಟೆಗೆ ಹೋಗುತ್ತಾನೆ. ಮಗಳೊಬ್ಬಳು ಗಂಟುಮೂಟೆ ಕಟ್ಟಿಕೊಂಡು ಕೆಲಸಕ್ಕಾಗಿ ಬೆಂಗಳೂರಿನ ರೈಲು ಹತ್ತುತ್ತಾಳೆ. ಆಗಲೂ ದೇವರು ಅವರ ಸಂಗಡ ಇದ್ದಾನೋ? ಇದ್ದಾನೆಂದು ಬಾಯಿಂದ ಹೇಳುವದು ಸುಲಭ. ಹಾಗೆ ನಂಬಿದವರಂತೆ ನಡೆಯುವದೇ ಕಷ್ಟ. ಆದದರಿಂದ ಈ ತಿಂಗಳಿನ ಪಾಠದಲ್ಲಿ ನಾವು ಈ ಒಂದೇ ಸಂಗತಿಯನ್ನು ವಿಚಾರಿಸೋಣ.

1. ಕಲ್ಲಿನ ಮೇಲೆ ತಲೆಯಿಟ್ಟವನು

ಯಾಕೋಬನು ಬೇರ್ಷೆಬದಿಂದ ಹೊರಟದ್ದು ಯಾತ್ರೆಗಾಗಿ ಅಲ್ಲ, ಪ್ರಾರ್ಥನೆಗಾಗಿಯೂ ಅಲ್ಲ. ತಂದೆಗೆ ಮೋಸ ಮಾಡಿ, ಅಣ್ಣನ ಕೋಪಕ್ಕೆ ಹೆದರಿ ಅವನು ಓಡಿಹೋಗುತ್ತಿದ್ದನು. ಹೊತ್ತು ಮುಳುಗಿದ್ದರಿಂದ ಸಿಕ್ಕಿದ ಸ್ಥಳದಲ್ಲಿ ಉಳಿದುಕೊಂಡು, ಸಿಕ್ಕಿದ ಕಲ್ಲನ್ನು ತಲೆಗೆ ಇಟ್ಟುಕೊಂಡು ಮಲಗಿದನು. ಅಲ್ಲಿ ಗುಡಿಯಿರಲಿಲ್ಲ, ಯಾಜಕನಿರಲಿಲ್ಲ, ಸಂಗಡಿಗರೂ ಇರಲಿಲ್ಲ. ಅಂಥಾ ಸ್ಥಳದಲ್ಲಿಯೇ ದೇವರು ಅವನಿಗೆ ಕಾಣಿಸಿಕೊಂಡು, ನೀನು ಹೋಗುವ ಕಡೆಯಲ್ಲೆಲ್ಲಾ ನಾನೇ ನಿನ್ನನ್ನು ಕಾಯುವೆನೆಂದು ಮಾತು ಕೊಟ್ಟನು. ಯಾಕೋಬನು ನಿದ್ರೆಯಿಂದ ಎಚ್ಚತ್ತು, ದೇವರು ಈ ಸ್ಥಳದಲ್ಲಿದ್ದರೂ ತನಗೆ ಅದು ತಿಳಿದಿರಲಿಲ್ಲವೆಂದು ಅರಿಕೆ ಮಾಡಿ ಭಯಪಟ್ಟನು.

ಈ ಅರಿಕೆಯನ್ನು ಚೆನ್ನಾಗಿ ಲಕ್ಷ್ಯಕ್ಕೆ ತಂದುಕೊಳ್ಳಿರಿ. ಅವನಿಗೆ ತಿಳಿದ ಮೇಲೆ ದೇವರು ಅಲ್ಲಿಗೆ ಬಂದದ್ದಲ್ಲ. ದೇವರು ಮೊದಲೇ ಅಲ್ಲಿದ್ದನು, ಅವನಿಗೆ ತಿಳಿದದ್ದು ತರುವಾಯ. ನಮ್ಮ ಮನಸ್ಸಿಗೆ ಕಾವು ಬಂದಾಗ ದೇವರು ಹತ್ತಿರ, ಮನಸ್ಸು ಒಣಗಿದಾಗ ದೇವರು ದೂರ ಎಂದು ಎಣಿಸುವವರು ನಮ್ಮ ಸಭೆಗಳಲ್ಲಿ ಅನೇಕರಿದ್ದಾರೆ. ಇದು ತಪ್ಪು. ದೇವರ ಸಾನ್ನಿಧ್ಯವು ನಮ್ಮ ಮನಸ್ಸಿನ ಕಾವನ್ನು ಆಧಾರ ಮಾಡಿಕೊಂಡಿರುವದಿಲ್ಲ. ಆತನು ಕೊಟ್ಟ ಮಾತನ್ನು ಆಧಾರ ಮಾಡಿಕೊಂಡಿದೆ.

2. ಅಟ್ಟದ ಮೇಲಣ ಕಾಯಿ

ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಸೀಮೆಯವರಿಗೆ ಈ ಸತ್ಯವನ್ನು ತಿಳಿಸುವದಕ್ಕೆ ದೂರದ ದೃಷ್ಟಾಂತ ಬೇಕಾಗಿಲ್ಲ. ಮನೆಯ ಅಟ್ಟವೇ ಸಾಕು. ಹೊಂಬಾಳೆ ಒಡೆದ ದಿನದಿಂದ ಕಾಯಿ ಬಲಿಯುವದಕ್ಕೆ ಸುಮಾರು ಒಂದು ವರುಷ ಹಿಡಿಯುತ್ತದೆ. ಬಲಿತ ಕಾಯನ್ನು ಇಳಿಸಿ, ಸಿಪ್ಪೆ ಸಹಿತವಾಗಿಯೇ ಅಟ್ಟಕ್ಕೆ ಏರಿಸಿ, ಮತ್ತೆ ಎಂಟರಿಂದ ಹನ್ನೆರಡು ತಿಂಗಳು ಬಿಟ್ಟರೆ ಉಂಡೆ ಕೊಬ್ಬರಿ ಆಗುತ್ತದೆ. ಅಷ್ಟು ಕಾಲವೂ ಕೆಳಗೆ ಅಡಿಗೆ ನಡೆಯುತ್ತದೆ, ಮಕ್ಕಳು ಆಡುತ್ತಾರೆ, ಹೆರಿಗೆಯಾಗುತ್ತದೆ, ಸಾವೂ ಆಗುತ್ತದೆ. ಮೇಲೆ ಏನು ನಡೆಯುತ್ತಿದೆಯೆಂದು ಯಾರೂ ದಿನಾಲು ಹತ್ತಿ ನೋಡುವದಿಲ್ಲ. ಹೊರಗಿನ ಸಿಪ್ಪೆಯನ್ನು ನೋಡಿದರೆ ನಿನ್ನೆಯಂತೆಯೇ ಇಂದೂ ಇರುವದು. ಒಳಗಾದರೋ, ನೀರು ಸ್ವಲ್ಪ ಸ್ವಲ್ಪವಾಗಿ ಇಂಗುತ್ತದೆ, ತಿರುಳು ಗಟ್ಟಿಯಾಗುತ್ತದೆ, ಕಡೆಗೆ ಕರಟದಿಂದ ತಾನೇ ಬಿಟ್ಟುಕೊಳ್ಳುತ್ತದೆ. ಆಗ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿದರೆ ಒಳಗಿನ ಉಂಡೆ ಸದ್ದು ಮಾಡುತ್ತದೆ.

ಆತುರಪಟ್ಟು ಮೂರನೆಯ ತಿಂಗಳಲ್ಲಿ ಒಡೆದು ನೋಡಿದವನಿಗೆ ಏನು ಸಿಕ್ಕೀತು? ಉಂಡೆ ಸಿಕ್ಕುವದಿಲ್ಲ; ತಿರುಳು ಇನ್ನೂ ಕರಟಕ್ಕೆ ಅಂಟಿಕೊಂಡಿರುತ್ತದೆ. ಅದರಿಂದ ಒಳಗೆ ಕೆಲಸ ನಡೆಯುತ್ತಿರಲಿಲ್ಲವೆಂದು ಹೇಳಬಹುದೋ? ಹೇಳಬಾರದು, ಕೆಲಸ ನಡೆಯುತ್ತಿತ್ತು, ಕಾಲ ತುಂಬಿರಲಿಲ್ಲ, ಅಷ್ಟೇ. ಸ್ನಾನದೀಕ್ಷೆ ಹೊಂದಿ ಹತ್ತು ವರುಷವಾದರೂ ನನ್ನ ಕೋಪ ಹೋಗಲಿಲ್ಲ, ಕುಡಿಯುವ ಮಗನು ತಿರುಗಿಕೊಳ್ಳಲಿಲ್ಲ, ನನ್ನ ಪ್ರಾರ್ಥನೆಯನ್ನು ಕೇಳುವವರು ಯಾರೂ ಇಲ್ಲವೆಂದು ನಿಟ್ಟುಸಿರು ಬಿಡುವ ತಾಯಿಯೇ, ನಿನ್ನ ತಲೆಯ ಮೇಲಣ ಅಟ್ಟವನ್ನು ನೋಡು. ಸದ್ದಿಲ್ಲದೆ ಕೆಲಸ ಮಾಡುವ ದೇವರು ಇಲ್ಲದ ದೇವರಲ್ಲ. ಆದರೂ ಒಂದು ಮಾತನ್ನು ಮರೆಯಬಾರದು. ಕಾಯಿಗೆ ಮನಸ್ಸಿಲ್ಲ, ನಮಗೆ ಮನಸ್ಸುಂಟು. ಕಾಯಿಯು ಅಟ್ಟದಿಂದ ತಾನಾಗಿ ಇಳಿದು ಹೋಗಲಾರದು. ನಾವಾದರೋ ಪ್ರಾರ್ಥನೆಯನ್ನೂ ವಾಕ್ಯವನ್ನೂ ಸಭೆಯ ಅನ್ಯೋನ್ಯತೆಯನ್ನೂ ಬಿಟ್ಟು ಹೋಗಬಲ್ಲೆವು. ಆದದರಿಂದ ಆತನಿಟ್ಟ ಸ್ಥಳದಲ್ಲಿ ನಿಲ್ಲುವದು ನಮ್ಮ ಪಾಲಿನ ಕೆಲಸ.

3. ನಾಲ್ಕು ದಾರಿ ಕೂಡುವ ಸ್ಥಳ

ಮನೆಯಿಂದ ಈಗ ದಾರಿಗೆ ಬರೋಣ. ಕಿಬ್ಬನಹಳ್ಳಿ ಕ್ರಾಸನ್ನು ನೋಡದವರು ನಮ್ಮಲ್ಲಿ ಕಡಿಮೆ. ಅಲ್ಲಿಂದ ಒಂದು ದಾರಿ ತಿಪಟೂರಿಗೆ, ಒಂದು ತುರುವೇಕೆರೆಗೆ, ಒಂದು ಚಿಕ್ಕನಾಯಕನಹಳ್ಳಿಗೆ, ಒಂದು ಗುಬ್ಬಿ ತುಮಕೂರುಗಳ ಕಡೆಗೆ ಹೋಗುತ್ತದೆ. ದಾರಿಗಳು ಕೂಡುವ ಸ್ಥಳವೆಂದರೆ ನಮ್ಮ ಹಿರಿಯರಿಗೆ ಭಯ. ಅಲ್ಲಿ ಇಳಿತೆಗೆದು ಇಟ್ಟ ನಿಂಬೇಹಣ್ಣನ್ನೂ ಅನ್ನವನ್ನೂ ದಾಟಿದರೆ ಕೇಡು ಹಿಡಿಯುವದೆಂದು ಹೆದರುತ್ತಿದ್ದರು. ಹೊರಡುವಾಗ ಬೆಕ್ಕು ಅಡ್ಡ ಬಂದರೆ, ಹಲ್ಲಿ ನುಡಿದರೆ, ಒಂಟಿ ಸೀನು ಬಂದರೆ ತಿರುಗಿ ಬಂದು ಕೂತುಕೊಳ್ಳುತ್ತಿದ್ದರು. ನೆರೆಯವರನ್ನು ಹಾಸ್ಯ ಮಾಡುವದಕ್ಕಾಗಿ ಇದನ್ನು ಬರೆಯುವದಿಲ್ಲ. ಕ್ರಿಸ್ತನ ಹೆಸರಿನಿಂದ ಕರೆಯಲ್ಪಟ್ಟ ನಮ್ಮ ಮನೆಗಳಲ್ಲಿಯೂ ಈ ಭಯ ಸಂಪೂರ್ಣವಾಗಿ ಬಿಟ್ಟಿಲ್ಲವೆಂಬದನ್ನು ಒಪ್ಪಿಕೊಳ್ಳುವದಕ್ಕಾಗಿ ಬರೆಯುತ್ತೇನೆ. ಆದಿತ್ಯವಾರ ಕರ್ತನು ನಮ್ಮ ಕುರುಬನೆಂದು ಹಾಡಿ, ಮಂಗಳವಾರ ರಾಹುಕಾಲ ಕಳೆಯುವ ತನಕ ಬಾಗಿಲಲ್ಲಿ ನಿಲ್ಲುವವನು ಯಾರನ್ನು ನಂಬಿದವನು? ಪ್ರಿಯರೇ, ನಮ್ಮ ಹೋಗುವಿಕೆಯನ್ನೂ ಬರುವಿಕೆಯನ್ನೂ ಕಾಯುವವನು ಯೆಹೋವನು ಎಂಬದಾಗಿ 121ನೆಯ ಕೀರ್ತನೆಯು ಕಲಿಸುತ್ತದಲ್ಲವೇ? ಆತನಿಗೆ ಒಳ್ಳೆಯ ಗಳಿಗೆ ಕೆಟ್ಟ ಗಳಿಗೆ ಎಂಬುವದಿಲ್ಲ.

ಕರ್ತನಾದ ಯೇಸು ಸತ್ತು ಎದ್ದ ದಿನದಲ್ಲಿ ಇಬ್ಬರು ಶಿಷ್ಯರು ಯೆರೂಸಲೇಮಿನಿಂದ ಎಮ್ಮಾಹುವಿಗೆ ನಡೆದು ಹೋಗುತ್ತಿದ್ದರು. ಅದು ಸುಮಾರು ಏಳು ಮೈಲಿಯ ದಾರಿ. ತಿಪಟೂರಿನಿಂದ ಕಿಬ್ಬನಹಳ್ಳಿ ಕ್ರಾಸಿಗೆ ನಡೆದಷ್ಟು ದೂರವೆಂದು ಎಣಿಸಿಕೊಂಡರೆ ಬಹಳ ತಪ್ಪಾಗದು. ಅವರ ನಿರೀಕ್ಷೆ ಮುರಿದಿತ್ತು, ಮುಖ ಬಾಡಿತ್ತು. ಯೇಸು ತಾನೇ ಹತ್ತಿರ ಬಂದು ಅವರ ಸಂಗಡ ನಡೆದರೂ ಅವರ ಕಣ್ಣು ಗುರುತು ಹಿಡಿಯಲಿಲ್ಲ. ದಾರಿಯುದ್ದಕ್ಕೂ ಆತನು ಶಾಸ್ತ್ರದ ಅರ್ಥವನ್ನು ಬಿಚ್ಚಿ ಹೇಳಿದನು. ಊರು ಬಂತು, ಹೊತ್ತು ಇಳಿಯಿತು. ಆತನು ಮುಂದೆ ಹೋಗುವವನಂತೆ ತೋರಿದಾಗ ಅವರು ಬಲವಂತ ಮಾಡಿ ಮನೆಗೆ ಕರೆದರು. ಊಟಕ್ಕೆ ಕೂತು ಆತನು ರೊಟ್ಟಿ ಮುರಿದು ಕೊಟ್ಟಾಗ ಅವರ ಕಣ್ಣು ತೆರೆಯಿತು. ಇಲ್ಲಿಯೂ ಯಾಕೋಬನ ಸಂಗತಿಯೇ ನಡೆಯಿತು: ಇದ್ದದ್ದು ಮೊದಲಿನಿಂದ, ತಿಳಿದದ್ದು ತರುವಾಯ.

ಅವರು ಆ ದಾರಿಹೋಕನನ್ನು ಬಾಗಿಲಿನಿಂದಲೇ ಕಳುಹಿಸಿಬಿಟ್ಟಿದ್ದರೆ ಏನಾಗುತ್ತಿತ್ತೆಂದು ಯೋಚಿಸಿರಿ. ನಮ್ಮಲ್ಲಿ ಬಸ್ಸು ತಪ್ಪಿ ಕತ್ತಲೆಯಲ್ಲಿ ನಿಂತವನಿಗೆ ನೀರು ಕೊಡುವದೂ, ಪರವೂರಿನಿಂದ ಕೂಲಿಗೆ ಬಂದ ಕುಟುಂಬದವರನ್ನು ಮಾತಾಡಿಸುವದೂ ಅಲ್ಪ ಸಂಗತಿಗಳಲ್ಲ. ಹಸಿದವನಿಗೂ ಪರದೇಶಿಗೂ ಮಾಡಿದ್ದನ್ನು ತನಗೇ ಮಾಡಿದ್ದಾಗಿ ಕರ್ತನು ಎಣಿಸುವನೆಂದು ಮತ್ತಾಯ 25ನೆಯ ಅಧ್ಯಾಯದಲ್ಲಿ ಓದುತ್ತೇವೆ. ಇದಲ್ಲದೆ ಆ ಇಬ್ಬರ ಹೃದಯ ದಾರಿಯಲ್ಲಿ ಕುದಿದದ್ದು ವಾಕ್ಯವನ್ನು ಕೇಳಿದ್ದರಿಂದ. ಬಳ್ಳಾರಿಯಲ್ಲಿದ್ದ ಲಂಡನ್ ಮಿಶನಿನ ಜಾನ್ ಹ್ಯಾಂಡ್ಸ್ ಮೊದಲಾದವರ ದುಡಿಮೆಯಿಂದ 1831ರಲ್ಲಿ ಸತ್ಯವೇದವು ಕನ್ನಡದಲ್ಲಿ ಪೂರ್ಣವಾಗಿ ಸಿಕ್ಕಿತು. ನಮ್ಮ ಭಾಷೆಯಲ್ಲಿಯೇ ಆ ದಾರಿಯ ಮಾತು ನಮಗೆ ಕೇಳಿಸುತ್ತಿರಲಾಗಿ, ಪೆಟ್ಟಿಗೆಯಲ್ಲಿ ಇಟ್ಟ ಪುಸ್ತಕ ನಮ್ಮ ಹೃದಯವನ್ನು ಹೇಗೆ ಕುದಿಸೀತು?

4. ತಕ್ಕಡಿಯ ಮುಂದೆಯೂ ಕೂಲಿಯ ಸ್ಥಳದಲ್ಲಿಯೂ

ದೇವರು ಎಲ್ಲೆಲ್ಲಿಯೂ ಇದ್ದಾನೆಂಬದು ಸಂಕಟದಲ್ಲಿರುವವನಿಗೆ ಸಿಹಿಯಾದ ಮಾತು. ಮೋಸ ಮಾಡುವವನಿಗೆ ಕಹಿಯಾದ ಮಾತು. ಒಬ್ಬ ವಿಶ್ವಾಸಿಯು ಸರಿಯಾಗಿ ಒಣಗದ ಕೊಬ್ಬರಿಯನ್ನು ಚೀಲದ ಅಡಿಯಲ್ಲಿ ತುಂಬಿ, ಮೇಲೆ ಒಳ್ಳೆಯ ಉಂಡೆಗಳನ್ನು ಹರಡಿ ಮಾರುಕಟ್ಟೆಗೆ ತಂದನೆಂದು ಎಣಿಸಿಕೊಳ್ಳೋಣ. ಕೊಳ್ಳುವವನು ಕಾಣನು, ತೂಗುವವನು ಕೇಳನು. ಹಾಗಾದರೆ ಯಾರೂ ನೋಡಲಿಲ್ಲವೋ? ಸುಳ್ಳು ತಕ್ಕಡಿಯು ಯೆಹೋವನಿಗೆ ಅಸಹ್ಯವೆಂದು ಜ್ಞಾನೋಕ್ತಿ 11:1ರಲ್ಲಿ ಕಲಿತವನು, ಮಾರುಕಟ್ಟೆಯ ತಕ್ಕಡಿಯ ಮುಂದೆ ನಿಂತಾಗ ದೇವರ ಮುಂದೆಯೇ ನಿಂತಿದ್ದಾನೆ. ಸುಲಿದ ಕಾಯಿಯ ಲೆಕ್ಕದಲ್ಲಿ ನೂರು ಹೆಚ್ಚಿಸಿ ಹೇಳುವ ಆಳಿಗೂ, ನೂರು ತಗ್ಗಿಸಿ ಬರೆದುಕೊಳ್ಳುವ ಯಜಮಾನನಿಗೂ ಇದೇ ಮಾತು ಸಲ್ಲುತ್ತದೆ.

ಆದರೆ ನಮ್ಮಲ್ಲಿ ಬಹು ಜನರು ತೂಗುವವರಲ್ಲ, ದುಡಿಯುವವರು. ನಮ್ಮ ಹಿರಿಯರಲ್ಲಿ ಅನೇಕರಿಗೆ ಸ್ವಂತ ತೋಟವಿರಲಿಲ್ಲ. ಊರ ಬಾವಿಯ ಹತ್ತಿರ ಹೋಗುವದಕ್ಕೂ ಅಪ್ಪಣೆಯಿರಲಿಲ್ಲ. ಅಂಥವರು ಹಾಗರಳ ಕಥೆಯನ್ನು ಆದಿಕಾಂಡ 16ರಲ್ಲಿ ಓದಲಿ. ಅವಳು ದಾಸಿ, ಒಡತಿಯ ಬಾಧೆಯನ್ನು ತಾಳಲಾರದೆ ಅಡವಿಯ ದಾರಿ ಹಿಡಿದವಳು. ನೀರಿನ ಒರತೆಯ ಬಳಿಯಲ್ಲಿ ದೇವದೂತನು ಅವಳನ್ನು ಹೆಸರು ಹಿಡಿದು ಕರೆದು, ಎಲ್ಲಿಂದ ಬಂದಿ, ಎಲ್ಲಿಗೆ ಹೋಗುತ್ತೀ ಎಂದು ವಿಚಾರಿಸಿದನು. ಆಗ ಅವಳು ತನ್ನನ್ನು ನೋಡುವ ದೇವರೆಂದು ಆತನಿಗೆ ಹೆಸರಿಟ್ಟಳು. ಜನರು ಯಾರನ್ನು ಬಾವಿಯಿಂದ ದೂರ ನಿಲ್ಲಿಸಿದರೋ ಅಂಥವರನ್ನೇ ದೇವರು ನೀರಿನ ಬಳಿಯಲ್ಲಿ ಹೆಸರು ಹಿಡಿದು ಕರೆಯುವವನಾಗಿದ್ದಾನೆ. ಆದದರಿಂದ ತೋಟದಲ್ಲಿ ಗರಿ ಆಯುವವಳೇ, ನಾರು ಹೊಸೆಯುವವನೇ, ನಿನ್ನ ಕೆಲಸವನ್ನು ಕರ್ತನಿಗೆಂದೇ ಮಾಡು. ಯಜಮಾನನು ನಿನ್ನ ಹೆಸರನ್ನು ಮರೆತರೂ ಆತನು ಮರೆಯನು.

5. ಬೆಲೆ ಬಿದ್ದ ವರುಷ

ಒಬ್ಬನು ಕೇಳಬಹುದು: ದೇವರು ನಮ್ಮ ಸಂಗಡ ಇದ್ದರೆ ನಮಗೆ ನಷ್ಟ ಯಾಕೆ? ಈ ಪ್ರಶ್ನೆಯನ್ನು ಬದಿಗೆ ತಳ್ಳಬಾರದು. 2023ರಲ್ಲಿ ಕೇಂದ್ರ ಸರ್ಕಾರದವರು ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 11,750 ರೂಪಾಯಿಯ ಬೆಂಬಲ ಬೆಲೆಯನ್ನು ಗೊತ್ತುಮಾಡಿದ್ದರೂ, ತಿಪಟೂರಿನ ಮಾರುಕಟ್ಟೆಯಲ್ಲಿ ಬೆಲೆಯು ಅದಕ್ಕಿಂತ ಬಹಳ ಕೆಳಗೆ ಬಿತ್ತು. ಎರಡು ವರುಷ ಕಾದು ಸಿದ್ಧಮಾಡಿದ ಫಲವನ್ನು ಹಿಡಿದುಕೊಂಡು ಮನೆಮನೆಯಲ್ಲಿ ಜನರು ಕಂಗೆಟ್ಟರು. 2025ರಲ್ಲಿ ಅದೇ ಬೆಲೆಯು 20,000 ರೂಪಾಯಿಯನ್ನು ದಾಟಿ ಏರಿತು. ಪ್ರಿಯರೇ, 2023ರಲ್ಲಿ ದೇವರು ನಮ್ಮಿಂದ ದೂರ ಹೋಗಿದ್ದನೋ? 2025ರಲ್ಲಿ ಹತ್ತಿರ ಬಂದನೋ? ದೇವರ ಸಾನ್ನಿಧ್ಯವನ್ನು ಕೊಬ್ಬರಿಯ ಬೆಲೆಯಿಂದ ಅಳೆಯುವವನು, ಬೆಲೆ ಬಿದ್ದ ದಿನ ನಂಬಿಕೆಯನ್ನೂ ಕಳೆದುಕೊಳ್ಳುವನು. ಅಂಜೂರದ ಮರ ಚಿಗುರದಿದ್ದರೂ, ಎಣ್ಣೆಮರದ ಫಲ ಶೂನ್ಯವಾದರೂ, ಹಟ್ಟಿಯಲ್ಲಿ ದನವಿಲ್ಲದಿದ್ದರೂ ತಾನು ಯೆಹೋವನಲ್ಲಿ ಉಲ್ಲಾಸಪಡುವೆನೆಂದು ಹಬಕ್ಕೂಕನು ಹೇಳಿದನು. ಅವನು ನಷ್ಟವನ್ನು ನಷ್ಟವಲ್ಲವೆಂದು ಹೇಳಲಿಲ್ಲ, ಒಂದೊಂದಾಗಿ ಎಣಿಸಿದನು. ಎಣಿಸಿದ ಮೇಲೂ ದೇವರು ಉಳಿದನು. ನುಸಿ ಬಿದ್ದ ತೋಟದಲ್ಲಿಯೂ, ಕಾಂಡ ಸೋರುವ ಮರದ ಬುಡದಲ್ಲಿಯೂ ನಿಂತು ಹೀಗೆಯೇ ಪ್ರಾರ್ಥಿಸುವದಕ್ಕೆ ನಮಗೆ ಅಪ್ಪಣೆಯುಂಟು.

ಇದಕ್ಕಿಂತಲೂ ಕಠಿಣವಾದ ಸಂಗತಿಯೊಂದುಂಟು. ಮರ ಹತ್ತುವ ಸಹೋದರನು ಜಾರಿ ಬಿದ್ದರೆ ಏನು ಹೇಳೋಣ? ದೇವರು ಕಾಯುವನೆಂದು ಹೇಳಿ ಹಗ್ಗವಿಲ್ಲದೆ, ಒದ್ದೆಯ ಮರವನ್ನು ಹತ್ತುವದು ನಂಬಿಕೆಯಲ್ಲ. ಸೈತಾನನು ಯೇಸುವನ್ನು ದೇವಾಲಯದ ಶಿಖರದ ಮೇಲೆ ನಿಲ್ಲಿಸಿ, ದೂತರು ಹಿಡಿದುಕೊಳ್ಳುವರು, ಕೆಳಕ್ಕೆ ಧುಮುಕು ಎಂದು ಶಾಸ್ತ್ರದ ಮಾತನ್ನೇ ತೆಗೆದು ಹೇಳಿದಾಗ, ದೇವರನ್ನು ಪರೀಕ್ಷಿಸಬಾರದೆಂದು ನಮ್ಮ ಕರ್ತನು ಉತ್ತರ ಕೊಟ್ಟನು (ಮತ್ತಾಯ 4:5-7). ಆದದರಿಂದ ಹಗ್ಗವನ್ನು ನೋಡಿಕೊಳ್ಳುವದು, ಮಳೆಯ ದಿನ ಮರ ಹತ್ತದಿರುವದು, ಹತ್ತಿಸುವ ಯಜಮಾನನು ಆಳಿನ ಪ್ರಾಣವನ್ನು ತನ್ನ ಪ್ರಾಣದಂತೆ ಎಣಿಸುವದು ಇವೆಲ್ಲವೂ ದೇವರ ಸಾನ್ನಿಧ್ಯದಲ್ಲಿ ನಡೆಯುವವರ ನಡತೆಯೇ. ಎಚ್ಚರಿಕೆಯಿಂದಿದ್ದರೂ ಒಬ್ಬನು ಬಿದ್ದರೆ, ಇವನ ಪಾಪದಿಂದ ಹೀಗಾಯಿತೆಂದು ಸಭೆಯವರು ಪಿಸುಗುಟ್ಟಬಾರದು. ಎತ್ತರವಾಗಲಿ, ಆಳವಾಗಲಿ, ಮರಣವಾಗಲಿ ನಮ್ಮನ್ನು ಕ್ರಿಸ್ತನ ಪ್ರೀತಿಯಿಂದ ಅಗಲಿಸಲಾರದೆಂದು ಪೌಲನು ರೋಮಾಪುರದವರಿಗೆ ಬರೆದನು. ಆಸ್ಪತ್ರೆಯ ಮಂಚದ ಬಳಿಯಲ್ಲಿ ಸರದಿಯಂತೆ ಕೂತುಕೊಳ್ಳುವ ಸಹೋದರರೂ, ಆ ಮನೆಗೆ ರಾಗಿಯನ್ನು ಹೊತ್ತು ತರುವ ಸಹೋದರಿಯರೂ ಈ ಮಾತಿಗೆ ಸಾಕ್ಷಿಗಳು.

6. ಗುಬ್ಬಿಯ ದಾರಿಯಲ್ಲಿ ಬಂದವರು

ನಮ್ಮ ಸೀಮೆಯ ನೆರೆಯಲ್ಲಿಯೇ ನಡೆದ ಸಂಗತಿಯೊಂದನ್ನು ಹೇಳಿ ಮುಗಿಸುವೆನು. ವೆಸ್ಲಿಯನ್ ಮಿಶನಿನ ಥಾಮಸ್ ಹಾಡ್ಸನ್ ಎಂಬ ಬೋಧಕರು 1837ರಲ್ಲಿ ಗುಬ್ಬಿಯಲ್ಲಿ ಸೇವೆಯನ್ನು ಆರಂಭಿಸಿದರು. ಆಗ ಈ ಕಡೆಗೆ ರೈಲಿರಲಿಲ್ಲ. 1839ರಲ್ಲಿ ಐರ್ಲೆಂಡ್ ದೇಶದವರಾದ ವಿಲಿಯಂ ಆರ್ಥರ್ ಎಂಬವರು ಈ ದೇಶಕ್ಕೆ ಬಂದು ಗುಬ್ಬಿಯಲ್ಲಿ ಸೇವೆ ಮಾಡಿದರು. ಅವರಿಗೆ ಆಗ ಇಪ್ಪತ್ತರ ಪ್ರಾಯ. ಕನ್ನಡವನ್ನು ಕಲಿತು ಕೆಲಸಕ್ಕೆ ಕೈಹಾಕಿದ ಅವರಿಗೆ ಕಣ್ಣಿನ ಬೇನೆ ಹತ್ತಿ, ದೃಷ್ಟಿಯು ಕೆಟ್ಟು, 1841ರಲ್ಲಿ ಅವರು ಸ್ವದೇಶಕ್ಕೆ ಹಿಂದಿರುಗಬೇಕಾಯಿತು. ಮನುಷ್ಯರ ಲೆಕ್ಕದಲ್ಲಿ ಅದು ಬಲಿಯುವದಕ್ಕೆ ಮುಂಚೆ ಉದುರಿದ ಕಾಯಿ. ಆದರೆ ಅವರು 1847ರಲ್ಲಿ ಮೈಸೂರು ಸೀಮೆಯ ಸೇವೆಯನ್ನು ಕುರಿತು ಪುಸ್ತಕವನ್ನು ಪ್ರಕಟಿಸಿ, ಗುಬ್ಬಿಯ ಹೆಸರನ್ನು ದೂರದ ಸಭೆಗಳಿಗೆ ತಿಳಿಸಿದರು. 1856ರಲ್ಲಿ ಪವಿತ್ರಾತ್ಮನ ಬಲವನ್ನು ಕುರಿತು ಬರೆದ ಪುಸ್ತಕದಿಂದ ಅನೇಕರಿಗೆ ಪ್ರಯೋಜನವಾಯಿತು. 1901ರ ತನಕ ಬದುಕಿದರು. ಆ ಮಿಶನಿನ ಸಭೆಗಳು 1947ನೆಯ ಸೆಪ್ಟೆಂಬರ್ 27ರಲ್ಲಿ ದಕ್ಷಿಣ ಇಂಡಿಯಾ ಸಭೆಯಲ್ಲಿ ಐಕ್ಯವಾದವು. ಬರುವ ದಾರಿಯಲ್ಲಿ ಅವರ ಸಂಗಡ ಇದ್ದ ದೇವರು, ಕಣ್ಣು ಮಂಜಾಗಿ ಹಿಂದಿರುಗುವ ದಾರಿಯಲ್ಲಿಯೂ ಇದ್ದನು.

ಅವರ ಸಂಘದ ಮೂಲಪುರುಷರಾದ ಜಾನ್ ವೆಸ್ಲಿಯವರು ಸುಮಾರು ಐವತ್ತು ವರುಷ ಊರಿಂದೂರಿಗೆ ಸಂಚರಿಸಿ, ಹೊಲಗಳಲ್ಲಿಯೂ ಸಂತೆಯ ಬಯಲುಗಳಲ್ಲಿಯೂ ಸುವಾರ್ತೆಯನ್ನು ಸಾರಿದವರು. 1791ನೆಯ ಮಾರ್ಚ್ 2ರಲ್ಲಿ, 87 ವರುಷದ ಪ್ರಾಯದಲ್ಲಿ ಅವರು ತೀರಿಕೊಂಡರು. ಸಾಯುವದಕ್ಕೆ ಮುಂಚೆ ಅವರು ತಮ್ಮ ದುಡಿಮೆಯನ್ನು ಎಣಿಸಲಿಲ್ಲ. ದೇವರು ನಮ್ಮ ಸಂಗಡ ಇದ್ದಾನೆಂಬದೇ ಎಲ್ಲಕ್ಕಿಂತ ಉತ್ತಮವೆಂದು ಸಾಕ್ಷಿ ಹೇಳಿದರೆಂದು ಅವರ ಹತ್ತಿರ ಇದ್ದವರು ತಿಳಿಸಿದ್ದಾರೆ.

ಅಭ್ಯಾಸಕ್ಕೆ

ಹೀಗಿರಲಾಗಿ ಈ ತಿಂಗಳಲ್ಲಿ ಮೂರು ಸಣ್ಣ ಕೆಲಸಗಳನ್ನು ಮಾಡೋಣ. ಮನೆಯ ಹೊಸಲು ದಾಟುವಾಗ ಶಕುನವನ್ನು ನೋಡದೆ, ಕರ್ತನೇ, ನನ್ನ ಸಂಗಡ ಬಾ ಎಂದು ಒಂದು ಮಾತು ಪ್ರಾರ್ಥಿಸೋಣ. ಕೆಲಸದ ನಡುವೆ ನೀರು ಕುಡಿಯುವ ಹೊತ್ತಿನಲ್ಲಿ ಆತನನ್ನು ನೆನಸೋಣ. ರಾತ್ರಿ ದೀಪ ಆರಿಸುವ ಮುಂಚೆ ಮನೆಯವರೆಲ್ಲರೂ ಕೂತು, ಈ ದಿನ ದೇವರು ಎಲ್ಲಿ ನಮ್ಮ ಸಂಗಡ ಇದ್ದನು, ನಾವು ಎಲ್ಲಿ ಗುರುತಿಸದೆ ಹೋದೆವು ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳೋಣ. ಊರು ಬಿಟ್ಟು ಹೋಗಿರುವ ಮಕ್ಕಳಿಗೂ ಫೋನಿನಲ್ಲಿ ಹಣದ ಮಾತಿನ ಸಂಗಡ ಇದೇ ಪ್ರಶ್ನೆಯನ್ನು ಕೇಳಬಹುದು.

ಸಭೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ಯಾಕೋಬನು ದೇವರ ಸಾನ್ನಿಧ್ಯವನ್ನು ಅರಿತದ್ದು ಯಾವಾಗ? ದೇವರು ಅಲ್ಲಿ ಇದ್ದದ್ದು ಯಾವಾಗಿನಿಂದ?
2. ಎಮ್ಮಾಹುವಿನ ಶಿಷ್ಯರು ದಾರಿಹೋಕನನ್ನು ಮನೆಗೆ ಕರೆಯದಿದ್ದರೆ ಏನನ್ನು ಕಳೆದುಕೊಳ್ಳುತ್ತಿದ್ದರು?
3. ಪ್ರಯಾಣದಲ್ಲಿ ನಮ್ಮ ಮನೆಯವರು ಇನ್ನೂ ಯಾವ ಭಯಗಳಿಗೆ ಒಳಗಾಗಿದ್ದಾರೆ?
4. ದೇವರು ನೋಡುತ್ತಾನೆಂಬದು ನಮ್ಮ ಕೂಲಿಯಲ್ಲಿಯೂ ವ್ಯಾಪಾರದಲ್ಲಿಯೂ ಯಾವ ಬದಲಾವಣೆಯನ್ನು ಬೇಡುತ್ತದೆ?
5. ನಷ್ಟದ ವರುಷದಲ್ಲಿ ದೇವರು ಸಂಗಡ ಇದ್ದನೆಂಬದು ನಿಮಗೆ ತರುವಾಯ ತಿಳಿದದ್ದುಂಟೋ? ಸಾಕ್ಷಿ ಹೇಳಿರಿ.

ಪ್ರಾರ್ಥನೆ

ಪರಲೋಕದ ತಂದೆಯೇ, ನಾವು ನಿನ್ನನ್ನು ಗುರುತಿಸದ ಸ್ಥಳಗಳಲ್ಲಿಯೂ ನೀನು ನಮ್ಮನ್ನು ಬಿಡಲಿಲ್ಲ, ನಿನಗೆ ಸ್ತೋತ್ರ. ನಮ್ಮ ತೋಟದಲ್ಲಿ, ದಾರಿಯಲ್ಲಿ, ತಕ್ಕಡಿಯ ಮುಂದೆ ನಿನ್ನ ಭಯವನ್ನೂ ನಿನ್ನ ಸಮಾಧಾನವನ್ನೂ ನಮಗೆ ಕೊಡು. ಊರು ಬಿಟ್ಟು ಹೋದವರನ್ನು ಕಾಪಾಡು. ಮರದಿಂದ ಬಿದ್ದವರಿಗೂ ನಷ್ಟದಲ್ಲಿ ನೊಂದವರಿಗೂ ಹತ್ತಿರವಾಗಿರು. ನಮ್ಮ ಕಣ್ಣುಗಳನ್ನು ತೆರೆ. ಯೇಸು ಸ್ವಾಮಿಯ ಮೂಲಕ ಬೇಡುತ್ತೇವೆ. ಆಮೆನ್.